ರಾತ್ರಿ 12:37ರ ಕುರ್ಚಿ ಖಾಲಿಯಾದ ಬಗೆ

ಟಿ.ವಿ. ಕಾರ್ಯಕ್ರಮವೊಂದು ಬೇಗ ನಿಂತುಹೋದರೆ ನಾವೆಲ್ಲ ಹೇಳುವುದು ಒಂದೇ ಮಾತು: ಜನ ನೋಡಲಿಲ್ಲ, ವಾಹಿನಿಯವರು ಕಿತ್ತುಹಾಕಿದರು. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬರುತ್ತಿದ್ದ ‘ಆಫ್ಟರ್ ಮಿಡ್‌ನೈಟ್’ ಎಂಬ ಹಾಸ್ಯ ಕಾರ್ಯಕ್ರಮ ನಿಂತದ್ದು ಹಾಗಲ್ಲ. 2024ರ ಜನವರಿ 16ರಂದು ಶುರುವಾಗಿ 2025ರ ಜೂನ್‌ನಲ್ಲಿ ಮುಗಿದ ಅದರ ಆಯುಷ್ಯ ಹದಿನೇಳು ತಿಂಗಳು, ಎರಡು ಸೀಸನ್. ಮುಂದುವರಿಸುವ ಮನಸ್ಸು ವಾಹಿನಿಗಿತ್ತು. ಒಲ್ಲೆ ಎಂದವರು ಅದನ್ನು ನಡೆಸಿಕೊಡುತ್ತಿದ್ದ ಸ್ಟ್ಯಾಂಡ್‌ಅಪ್ ಕಾಮಿಡಿಯನ್ ಟೇಲರ್ ಟಾಮ್ಲಿನ್ಸನ್. ಊರೂರು ಸುತ್ತಿ ವೇದಿಕೆಯ ಮೇಲೆ ನಿಂತು ಮಾತಾಡುವ ತಮ್ಮ ಮೂಲ ಕಸುಬಿಗೆ ಪೂರ್ತಿಯಾಗಿ ಮರಳುತ್ತೇನೆಂದು ಅವರು ನಿರ್ಧರಿಸಿದ ಸುದ್ದಿ 2025ರ ಮಾರ್ಚ್ ಕೊನೆಗೆ ಹೊರಬಿತ್ತು. ಸಿಬಿಎಸ್ ಇನ್ನೊಬ್ಬ ನಿರೂಪಕರನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ರಾತ್ರಿ 12:37ರ ಆ ಹೊತ್ತಿಗಾಗಿ ಸ್ವಂತ ಕಾರ್ಯಕ್ರಮ ತಯಾರಿಸುವುದನ್ನೇ ನಿಲ್ಲಿಸಿತು.

ಆಗ ಟಾಮ್ಲಿನ್ಸನ್ ಅಮೆರಿಕದ ದೊಡ್ಡ ನೆಟ್‌ವರ್ಕ್‌ಗಳ ತಡರಾತ್ರಿ ಕಾರ್ಯಕ್ರಮ ನಡೆಸುತ್ತಿದ್ದ ಏಕೈಕ ಮಹಿಳೆ. ಕಾರ್ಯಕ್ರಮ ಶುರುವಾದಾಗ ಅವರಿಗೆ 30 ವರ್ಷ. ಆ ಸಾಲಿನಲ್ಲಿ ಎಲ್ಲರಿಗಿಂತ ಕಿರಿಯರು. ಒಂದು ಕಾಲದಲ್ಲಿ ಪ್ರತಿಯೊಬ್ಬ ಸ್ಟ್ಯಾಂಡ್‌ಅಪ್ ಕಲಾವಿದರ ಕನಸಿನ ಕೊನೆಯ ಮೆಟ್ಟಿಲು ಎನಿಸಿದ್ದ ಕುರ್ಚಿ ಅದು. ಅದರಲ್ಲಿ ಕೂತವರೇ ಎದ್ದು ಹೋಗುತ್ತಾರೆ, ಅವರ ಬೆನ್ನಿಗೇ ಕುರ್ಚಿಯನ್ನೂ ಎತ್ತಿಡಲಾಗುತ್ತದೆ ಎಂದರೆ ನಡುವೆ ಏನೋ ಆಳವಾಗಿ ಬದಲಾಗಿದೆ. ಹಾಸ್ಯ ಚೆನ್ನಾಗಿತ್ತೋ ಇಲ್ಲವೋ ಎಂಬ ಚರ್ಚೆಯಲ್ಲಿ ಅದು ಕಾಣುವುದಿಲ್ಲ. ಕಾಣಬೇಕಾದರೆ ಎರಡು ಲೆಕ್ಕ ಮಾಡಬೇಕು: ಕಲಾವಿದರ ಸರಕಿನ, ಅಂದರೆ ಅವರು ಹೇಳುವ ಹಾಸ್ಯದ ಲೆಕ್ಕ ಒಂದು, ಆ ಹೊತ್ತಿನ ಬಾಡಿಗೆಯ ಲೆಕ್ಕ ಇನ್ನೊಂದು.

ಮೊದಲು ಆ ಹೊತ್ತು ಯಾವುದೆಂದು ನೋಡೋಣ. ಅಮೆರಿಕದ ಪೂರ್ವ ಕರಾವಳಿಯ ಗಡಿಯಾರದಲ್ಲಿ ರಾತ್ರಿ 11ಕ್ಕೆ ಸ್ಥಳೀಯ ಸ್ಟೇಷನ್‌ಗಳ ವಾರ್ತೆ, 11:35ಕ್ಕೆ ನೆಟ್‌ವರ್ಕ್‌ನ ದೊಡ್ಡ ಟಾಕ್ ಶೋ. ಅದು 62 ನಿಮಿಷದ್ದಾದ್ದರಿಂದ ಮುಂದಿನದು 12:37ಕ್ಕೆ. ಸಿಬಿಎಸ್‌ನಲ್ಲಿ ಈ ಎರಡನೆಯ ಹೊತ್ತು 1995ರಿಂದ ‘ಲೇಟ್ ಲೇಟ್ ಶೋ’ದ್ದಾಗಿತ್ತು. ಟಾಮ್ ಸ್ನೈಡರ್, ಕ್ರೇಗ್ ಕಿಲ್ಬಾರ್ನ್, ಕ್ರೇಗ್ ಫರ್ಗುಸನ್, ಕೊನೆಗೆ ಜೇಮ್ಸ್ ಕಾರ್ಡೆನ್. ಇಷ್ಟು ತಡವಾಗಿ ನೋಡುವವರು ಕಡಿಮೆ. ಕಡಿಮೆಯಾದ್ದರಿಂದಲೇ ಅಲ್ಲಿ ಪ್ರಯೋಗಕ್ಕೆ ಅವಕಾಶವಿತ್ತು. ಫರ್ಗುಸನ್ ಹತ್ತಿರ ವಾದ್ಯವೃಂದಕ್ಕೆ ದುಡ್ಡಿರಲಿಲ್ಲ, ಜೊತೆಗೆ ಕೂರುವ ಸಹನಿರೂಪಕರೂ ಇರಲಿಲ್ಲ. 2010ರಲ್ಲಿ ಅವರು ಅಸ್ಥಿಪಂಜರದ ರೋಬಾಟ್ ಒಂದನ್ನು ಮಾಡಿಸಿ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಮುಂದೆ ಕಲಾವಿದರೊಬ್ಬರು ಅದಕ್ಕೆ ದನಿ ಕೊಟ್ಟರು. ಆ ರೋಬಾಟ್ ಜೊತೆಗಿನ ಬಿಡಿಬಿಡಿ ಮಾತುಕತೆಯೇ ಕಾರ್ಯಕ್ರಮದ ಗುರುತಾಯಿತು. ಯಾರ ಹಂಗೂ ಇಲ್ಲದ ಹೊತ್ತು ಕೊಡುವ ಸ್ವಾತಂತ್ರ್ಯ ಅಂಥದ್ದು.

ಕಾರ್ಡೆನ್ ಕಾಲಕ್ಕೆ ಇದು ತಲೆಕೆಳಗಾಯಿತು. ಹಾಡು, ಕುಣಿತ, ಕಾರಿನಲ್ಲಿ ತಾರೆಯರ ಗಾಯನ. ಯೂಟ್ಯೂಬ್‌ನಲ್ಲಿ ಕೋಟಿಗಟ್ಟಲೆ ನೋಟ ಬಂತು, ಜೊತೆಗೆ ಖರ್ಚೂ ಏರಿತು. 2023ರ ಏಪ್ರಿಲ್ 27ರಂದು ಅವರು ಬಿಟ್ಟಾಗ ಬಂದ ವರದಿಗಳ ಪ್ರಕಾರ ವರ್ಷದ ಖರ್ಚು 6 ಕೋಟಿ ಡಾಲರ್ ದಾಟಿತ್ತು, ಜಾಹೀರಾತಿನಿಂದ ಬರುತ್ತಿದ್ದದ್ದು ಅದಕ್ಕಿಂತ ಬಹಳ ಕಡಿಮೆ. ಮೊಬೈಲ್‌ನಲ್ಲಿ ತುಣುಕು ನೋಡಿದವರು ರಾತ್ರಿ ಎದ್ದು ಕೂತು ಟಿ.ವಿ. ನೋಡಲಿಲ್ಲ. ತುಣುಕಿನ ಪಕ್ಕ ಬರುವ ಜಾಹೀರಾತಿನ ಹಣವನ್ನು ಯೂಟ್ಯೂಬ್ ಜೊತೆ ಹಂಚಿಕೊಳ್ಳಬೇಕು. ಅದು ಟಿ.ವಿ. ಜಾಹೀರಾತಿನ ಹಣಕ್ಕೆ ಸಮನಾಗುವುದಿಲ್ಲ.

ಹೀಗಾಗಿ ಸಿಬಿಎಸ್‌ಗೆ ಬೇಕಾದದ್ದು ಅಗ್ಗದ ಕಾರ್ಯಕ್ರಮ. ‘ಆಫ್ಟರ್ ಮಿಡ್‌ನೈಟ್’ ಹೊಸದಾಗಿ ಹುಟ್ಟಿದ್ದಲ್ಲ; ಕಾಮಿಡಿ ಸೆಂಟ್ರಲ್ ವಾಹಿನಿಯಲ್ಲಿ 2013ರ ಅಕ್ಟೋಬರ್‌ನಿಂದ 2017ರ ಆಗಸ್ಟ್‌ವರೆಗೆ ಕ್ರಿಸ್ ಹಾರ್ಡ್‌ವಿಕ್ ನಡೆಸಿದ ‘ಅಟ್ ಮಿಡ್‌ನೈಟ್’ನ ಮರುಹುಟ್ಟು. ಹಳೆಯದು 600 ಸಂಚಿಕೆ ಓಡಿತ್ತು, ಅಂದರೆ ಅಚ್ಚು ಗಟ್ಟಿ ಎಂದು ಮೊದಲೇ ಗೊತ್ತಿತ್ತು. ಆಗ 11:35ರ ಟಾಕ್ ಶೋ ನಡೆಸುತ್ತಿದ್ದ ಸ್ಟೀಫನ್ ಕೋಲ್ಬೇರ್ ನಿರ್ಮಾಪಕರಲ್ಲಿ ಒಬ್ಬರಾದರು. ಟಾಮ್ಲಿನ್ಸನ್ ನಿರೂಪಕಿ ಎಂಬ ಸುದ್ದಿಯನ್ನು 2023ರ ನವೆಂಬರ್‌ನಲ್ಲಿ ಕೋಲ್ಬೇರ್ ಅವರ ಕಾರ್ಯಕ್ರಮದಲ್ಲೇ ಪ್ರಕಟಿಸಲಾಯಿತು.

ಆ ಅಚ್ಚು ಸರಳ. ಮೂವರು ಹಾಸ್ಯ ಕಲಾವಿದರು ಸಾಲಾಗಿ ನಿಲ್ಲುತ್ತಾರೆ. ಅವತ್ತು ಇಂಟರ್ನೆಟ್‌ನಲ್ಲಿ ಓಡಾಡಿದ ವಿಡಿಯೊ, ಪೋಸ್ಟ್, ಜಗಳ, ವಿಚಿತ್ರ ಜಾಹೀರಾತು ತೋರಿಸಿ ನಿರೂಪಕಿ ಒಂದು ಸವಾಲು ಎಸೆಯುತ್ತಾರೆ. ಅವರು ಪಟಪಟನೆ ಉತ್ತರ ಹೇಳುತ್ತಾರೆ. ನಿರೂಪಕಿ ಮನಸ್ಸಿಗೆ ಬಂದಷ್ಟು ಅಂಕ ಕೊಡುತ್ತಾರೆ. ಅಂಕಕ್ಕೆ ಬೆಲೆಯಿಲ್ಲ, ಅದು ಮಾತಿನ ಓಟಕ್ಕೆ ತಾಳವಷ್ಟೇ. ಮೊದಲ ರಾತ್ರಿ ಬಂದವರು ಕರ್ಟ್ ಬ್ರಾನೋಲರ್, ವಿಟ್ನಿ ಕಮಿಂಗ್ಸ್ ಮತ್ತು ಭಾರತೀಯ ಮೂಲದ ಅಪರ್ಣಾ ನಾಂಚೆರ್ಲ.

ಇದರಲ್ಲಿ ಉಳಿತಾಯ ಎಲ್ಲಿ ಎಂದರೆ, ವಾದ್ಯವೃಂದ ಬೇಡ. ಸಿನಿಮಾ ತಾರೆಯ ದಿನಾಂಕಕ್ಕಾಗಿ ತಿಂಗಳುಗಟ್ಟಲೆ ಓಲೈಸುವ ತಂಡ ಬೇಡ. ರಸ್ತೆಗಿಳಿದು ಚಿತ್ರೀಕರಿಸುವ ತುಣುಕು ಬೇಡ. ಇದ್ದಲ್ಲೇ ಇರುವ ಒಂದೇ ಸೆಟ್. ಬರುವ ಹಾಸ್ಯ ಕಲಾವಿದರು ಲಾಸ್ ಏಂಜಲೀಸ್‌ನಲ್ಲೇ ಇರುವವರು, ಕಾರು ಹತ್ತಿ ಬರುತ್ತಾರೆ. ಉಳಿಯುವ ದೊಡ್ಡ ಖರ್ಚೆಂದರೆ ಬರಹಗಾರರದು, ಮತ್ತು ಕ್ಲಿಯರೆನ್ಸ್‌ನದು. ಹೊರಗಿನವರ ಕಣ್ಣಿಗೆ ಬೀಳದ ಕೆಲಸ ಈ ಕ್ಲಿಯರೆನ್ಸ್. ಯಾರೋ ಅಪರಿಚಿತರು ಹಾಕಿದ ಇಪ್ಪತ್ತು ಸೆಕೆಂಡಿನ ವಿಡಿಯೊವನ್ನು ರಾಷ್ಟ್ರೀಯ ವಾಹಿನಿಯಲ್ಲಿ ತೋರಿಸಬೇಕಾದರೆ ಅದನ್ನು ತೆಗೆದವರು ಯಾರೆಂದು ಪತ್ತೆ ಮಾಡಬೇಕು. ಅವರ ಒಪ್ಪಿಗೆ ಪಡೆಯಬೇಕು, ಇಲ್ಲವೇ ಟೀಕೆ-ವಿಡಂಬನೆಗೆ ಕಾನೂನು ಕೊಡುವ ರಿಯಾಯಿತಿಯೊಳಗೆ ಅದು ಬರುತ್ತದೆಂದು ವಕೀಲರು ಹೇಳಬೇಕು. ಹಿನ್ನೆಲೆಯಲ್ಲಿ ಹಾಡು ಕೇಳಿಸಿದರೆ ಅದಕ್ಕೆ ಬೇರೆ ಅನುಮತಿ. ವಿಡಿಯೊದಲ್ಲಿರುವವರು ಮಕ್ಕಳಾದರೆ ಬಹುಪಾಲು ಕೈಬಿಡುವುದೇ ಕ್ಷೇಮ. ಬೆಳಿಗ್ಗೆ ಹುಡುಕಿಟ್ಟ ಒಳ್ಳೆಯ ವಿಡಿಯೊ ಮಧ್ಯಾಹ್ನ ವಕೀಲರ ಮೇಜಿನಲ್ಲಿ ಸತ್ತರೆ, ಅದರ ಮೇಲೆ ಬರೆದ ಹಾಸ್ಯವೆಲ್ಲ ಅದರೊಂದಿಗೇ ಹೋಯಿತು.

ದಿನನಿತ್ಯದ ಹಾಸ್ಯ ಕಾರ್ಯಕ್ರಮಗಳ ದಿನಚರಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಬರಹಗಾರರು ವಿಷಯ ಹೆಕ್ಕಿ ತರುತ್ತಾರೆ, ಮುಖ್ಯ ಬರಹಗಾರರು ಅದರಲ್ಲಿ ಮುಕ್ಕಾಲು ಪಾಲನ್ನು ತಳ್ಳಿಹಾಕುತ್ತಾರೆ. ಉಳಿದದ್ದಕ್ಕೆ ಮಧ್ಯಾಹ್ನದೊಳಗೆ ಪ್ರಶ್ನೆ, ನಿರೂಪಕರ ಸಾಲು, ಪರದೆಯ ಮೇಲಿನ ಚಿತ್ರ ಎಲ್ಲ ತಯಾರಾಗಬೇಕು. ಪ್ಯಾನೆಲ್ ಆಟಗಳಲ್ಲಿ ಬರುವ ಕಲಾವಿದರಿಗೆ ಕೆಲವು ವಿಷಯಗಳ ಸುಳಿವನ್ನು ಮೊದಲೇ ಕೊಡುವುದು ವಾಡಿಕೆ. ಪೂರ್ತಿ ಆಶುವಾದರೆ ಮೂವರಲ್ಲಿ ಒಬ್ಬರು ಕಲ್ಲಾಗುತ್ತಾರೆ, ಪೂರ್ತಿ ಬಾಯಿಪಾಠವಾದರೆ ನೋಡುವವರಿಗೆ ವಾಸನೆ ಹೊಡೆಯುತ್ತದೆ. ಎರಡರ ನಡುವಿನ ಹದ ಕಾಯುವುದೇ ನಿರ್ಮಾಪಕರ ನಿಜವಾದ ಕೆಲಸ. ಸಂಜೆ ಪ್ರೇಕ್ಷಕರನ್ನು ಕೂರಿಸುತ್ತಾರೆ. ವಾರ್ಮ್‌ಅಪ್ ಕಲಾವಿದರೊಬ್ಬರು ಹದಿನೈದಿಪ್ಪತ್ತು ನಿಮಿಷ ಅವರನ್ನು ಬಿಸಿ ಮಾಡುತ್ತಾರೆ. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಚಿತ್ರೀಕರಿಸಿ, ನಗು ಬಾರದ್ದನ್ನು ಕತ್ತರಿಸಿ, ರಾತ್ರಿಯೊಳಗೆ ಕಡತ ಕಳಿಸಬೇಕು. ಮರುದಿನ ಬೆಳಿಗ್ಗೆ ಮತ್ತೆ ಖಾಲಿ ಹಾಳೆ.

ಇಲ್ಲಿಂದ ಸರಕಿನ ಲೆಕ್ಕ ಶುರು.

ಸ್ಟ್ಯಾಂಡ್‌ಅಪ್ ಕಲಾವಿದರು ಒಂದು ಗಂಟೆಯ ಸ್ಪೆಷಲ್, ಅಂದರೆ ಒಬ್ಬರೇ ನಿಂತು ನಡೆಸಿ ಚಿತ್ರೀಕರಿಸುವ ಪ್ರದರ್ಶನ, ಹೇಗೆ ಕಟ್ಟುತ್ತಾರೆ ಎಂದು ನೋಡಿ. ಯಾರು ಬೇಕಾದರೂ ವೇದಿಕೆ ಹತ್ತಬಹುದಾದ ಓಪನ್ ಮೈಕ್‌ಗೆ ಐದು ನಿಮಿಷದ ಹೊಸ ಸರಕು ಒಯ್ಯುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಮನೆಗೆ ಬಂದು ನಗು ಎಲ್ಲಿ ಬಂತು, ಎಷ್ಟು ಹೊತ್ತು ನಿಂತಿತು, ಎಲ್ಲಿ ಕೆಮ್ಮು ಕೇಳಿಸಿತು ಎಂದು ಗುರುತು ಹಾಕುತ್ತಾರೆ. ಹತ್ತು ಜೋಕಿನಲ್ಲಿ ಒಂದೆರಡು ಉಳಿದರೆ ಒಳ್ಳೆಯ ರಾತ್ರಿ. ಉಳಿದದ್ದನ್ನು ಮರುದಿನ ಬೇರೆ ಹಾಸ್ಯ ಕ್ಲಬ್ಬಿನಲ್ಲಿ ಹೇಳುವಾಗ ಪೀಠಿಕೆಯ ಎರಡು ಪದ ಉದುರಿಸುತ್ತಾರೆ, ಪಂಚ್ ಇರುವ ಪದವನ್ನು ವಾಕ್ಯದ ತುದಿಗೆ ತಳ್ಳುತ್ತಾರೆ, ನಗು ಇಳಿಯುವ ಮೊದಲೇ ಮೇಲಿಂದ ಇನ್ನೊಂದು ಸಾಲು ಸೇರಿಸುತ್ತಾರೆ. ಈ ಸೇರಿಸುವ ಸಾಲಿಗೆ ಅವರ ಭಾಷೆಯಲ್ಲಿ ಟ್ಯಾಗ್ ಎನ್ನುತ್ತಾರೆ. (ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ನಮ್ಮಲ್ಲಿ ನಗಿಸುವವರು ‘ಬಾಗಿಲಲ್ಲಿ ನಿಂತಿದ್ದು ಯಾರು ಅಂದ್ರೆ, ಓನರ್ರು’ ಎಂದು ವಾಕ್ಯ ತಿರುಗಿಸಿ ಹೆಸರನ್ನು ತುದಿಗೆ ತರುತ್ತಾರೆ. ಕೆಲಸ ಅದೇ, ದಾರಿ ಬೇರೆ.) ಹೀಗೆ ನೂರಾರು ರಾತ್ರಿ ತಿಕ್ಕಿದ ಮೇಲೆ ಒಂದು ಗಂಟೆ ಹದವಾಗುತ್ತದೆ.

ಟಾಮ್ಲಿನ್ಸನ್ ಅವರ ಲೆಕ್ಕವನ್ನೇ ತೆಗೆದುಕೊಳ್ಳಿ. ನೆಟ್‌ಫ್ಲಿಕ್ಸ್‌ನಲ್ಲಿ ಗಂಟೆ ಅವಧಿಯ ಅವರ ಮೊದಲ ಮೂರು ಸ್ಪೆಷಲ್‌ಗಳು ಬಂದದ್ದು 2020ರ ಮಾರ್ಚ್, 2022ರ ಮಾರ್ಚ್, 2024ರ ಫೆಬ್ರುವರಿಯಲ್ಲಿ. ಒಂದೊಂದೂ ಸುಮಾರು ಒಂದು ಗಂಟೆ, ಒಂದಕ್ಕೊಂದು ಎರಡು ವರ್ಷ ಅಂತರ. ಇನ್ನೊಂದು ಬದಿಗೆ, ಒಂದು ಗಂಟೆಯ ಹೊತ್ತಿನಲ್ಲಿ ಜಾಹೀರಾತು ಕಳೆದು ಕಾರ್ಯಕ್ರಮಕ್ಕೆ ಸಿಗುವುದು ಸುಮಾರು 40 ನಿಮಿಷ. ವಾರಕ್ಕೆ ನಾಲ್ಕು ಹೊಸ ಸಂಚಿಕೆ ಎಂದಿಟ್ಟುಕೊಂಡರೆ 160 ನಿಮಿಷ. ಒಬ್ಬ ಕಲಾವಿದೆ ಐದು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಹದ ಮಾಡಿದಷ್ಟು ಹಾಸ್ಯವನ್ನು ಈ ಯಂತ್ರ ಒಂದು ವಾರದಲ್ಲಿ ನುಂಗುತ್ತದೆ. ಬರಹಗಾರರಿದ್ದಾರೆ, ಪಕ್ಕದಲ್ಲಿ ಮೂವರಿದ್ದಾರೆ, ಎಲ್ಲವನ್ನೂ ಅವರೇ ಹೊರಬೇಕಿಲ್ಲ, ನಿಜ. ಆದರೆ ಗುಣಮಟ್ಟದ ಅಂತರ ಎಲ್ಲಿಂದ ಬರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಸ್ಪೆಷಲ್‌ನಲ್ಲಿ ಕೇಳಿದ ಸಾಲು ಮುನ್ನೂರನೆಯ ಸಲದ್ದು, ಟಿ.ವಿ.ಯಲ್ಲಿ ಕೇಳಿದ್ದು ಮೊದಲ ಸಲದ್ದು. ಅದೇ ಅಳತೆಗೋಲಿನಲ್ಲಿ ಎರಡನ್ನೂ ಅಳೆದು ‘ವೇದಿಕೆಯಲ್ಲಿ ಚೆನ್ನಾಗಿದ್ದರು, ಟಿ.ವಿ.ಗೆ ಬಂದು ಕೆಟ್ಟರು’ ಎನ್ನುವುದು ಅನ್ಯಾಯ.

ನಮ್ಮ ನಗೆಹಬ್ಬಗಳನ್ನು ಕಂಡವರಿಗೆ ಇದು ಹೊಸದಲ್ಲ. ಒಂದೂರಿನಲ್ಲಿ ಹೇಳಿದ ಪ್ರಸಂಗ ಹತ್ತನೆಯ ಊರಿನಲ್ಲಿ ಇನ್ನಷ್ಟು ಬಿಗಿಯಾಗಿ, ಇನ್ನಷ್ಟು ಸರಿಯಾದ ನಿಲುಗಡೆಗಳೊಂದಿಗೆ ಬರುತ್ತದೆ. ಪ್ರೇಕ್ಷಕರು ಬೇರೆಯಾದ್ದರಿಂದ ಸರಕು ಹಳತಾಗುವುದಿಲ್ಲ. ಟಿ.ವಿ.ಗೆ ಪ್ರೇಕ್ಷಕರು ಯಾವಾಗಲೂ ಅವರೇ. ಕನ್ನಡ ವಾಹಿನಿಗಳ ಯಶಸ್ವಿ ಹಾಸ್ಯ ಕಾರ್ಯಕ್ರಮಗಳು ಹೆಚ್ಚಾಗಿ ತಂಡದ ಸ್ಕಿಟ್‌ಗಳ ಮೇಲೆ, ಸ್ಪರ್ಧೆಯ ಚೌಕಟ್ಟಿನ ಮೇಲೆ ನಿಂತಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗನಿಸುತ್ತದೆ: ಅಲ್ಲಿ ಹೊರೆ ಹತ್ತಾರು ಹೆಗಲಿಗೆ ಹಂಚಿಹೋಗುತ್ತದೆ.

ಸರಕು ಮಾತ್ರವಲ್ಲ, ಕಸುಬೂ ಬೇರೆ. ವೇದಿಕೆಯಲ್ಲಿ ಮೌನ ಕಲಾವಿದರ ಸೊತ್ತು. ಎರಡು ಸೆಕೆಂಡ್ ಸುಮ್ಮನಿದ್ದು ಸಭೆಯನ್ನು ತುದಿಗಾಲಲ್ಲಿ ನಿಲ್ಲಿಸಬಹುದು. ನಿರೂಪಕರಿಗೆ ಆ ಐಷಾರಾಮ ಇಲ್ಲ. ಕಿವಿಯಲ್ಲಿ ಕಂಟ್ರೋಲ್ ರೂಮಿನ ದನಿ ಬ್ರೇಕ್‌ಗೆ ಎಷ್ಟು ಸೆಕೆಂಡ್ ಉಳಿದಿದೆ ಎಂದು ಎಣಿಸುತ್ತಿರುತ್ತದೆ. ಕಣ್ಣು ಟೆಲಿಪ್ರಾಂಪ್ಟರ್ ಮೇಲೆ. ಎಡಗಡೆಯ ಅತಿಥಿಯ ಜೋಕ್ ಬಿದ್ದುಹೋಯಿತೆಂದರೆ ಅದನ್ನು ಎತ್ತಿ ನಿಲ್ಲಿಸುವ ಸಾಲು ತಕ್ಷಣ ಬೇಕು, ಅದೂ ಅವರಿಗೆ ನೋವಾಗದಂತೆ. ಬಲಗಡೆಯವರು ಚೆನ್ನಾಗಿ ಓಡುತ್ತಿದ್ದರೆ ತಮ್ಮ ಕೈಯಲ್ಲಿರುವ ಬರೆದ ಸಾಲನ್ನು ನುಂಗಿಕೊಳ್ಳಬೇಕು. ಸ್ಟ್ಯಾಂಡ್‌ಅಪ್ ಕಲಾವಿದರು ಹತ್ತು ವರ್ಷ ಕಲಿತದ್ದೆಲ್ಲ ನಗುವನ್ನು ತಮ್ಮ ಕಡೆ ಎಳೆದುಕೊಳ್ಳುವುದು. ಪ್ಯಾನೆಲ್ ನಿರೂಪಣೆ ಕಲಿಸುವುದು ನಗುವನ್ನು ಹಂಚುವುದು. ಟಾಮ್ಲಿನ್ಸನ್ ಅವರ ಸ್ಪೆಷಲ್‌ಗಳು ಪೂರ್ತಿ ಸ್ವಂತ ಬದುಕಿನವು: ಚರ್ಚಿನ ಕಟ್ಟುನಿಟ್ಟಿನ ಬಾಲ್ಯ, ಮುರಿದ ಸಂಬಂಧ, ಮನಸ್ಸಿನ ಏರಿಳಿತ. ಅವರ ಬಲ ಅದೇ. ಅಂದಂದಿನ ಮೀಮ್‌ಗಳ ಆಟಕ್ಕೆ ಆ ಬಲ ಬೇಕಾಗುವುದು ಅಲ್ಪ. ಆದರೂ ಅವರು ಈ ಹಂಚುವ ಕಸುಬನ್ನು ಬೇಗ ಕಲಿತರು. ಕಾರ್ಯಕ್ರಮ ನೋಡಿದವರಿಗೆ ಎರಡನೆಯ ಸೀಸನ್ ಹೊತ್ತಿಗೆ ಅವರು ಎಷ್ಟು ಸಡಿಲವಾಗಿ, ಗೆಲುವಾಗಿ ಅತಿಥಿಗಳ ಜೊತೆ ಆಡುತ್ತಿದ್ದರೆಂದು ಗೊತ್ತು. ಕಲಿಯಲು ಹಿಡಿಯುವ ಕಾಲ ಸುಮಾರು ಅಷ್ಟೇ, ಕಾರ್ಯಕ್ರಮಗಳು ಸಾಯುವುದೂ ಸುಮಾರು ಆಗಲೇ.

ಹಳೆಯ ಉದಾಹರಣೆಗಳು ಇದನ್ನು ಇನ್ನೂ ಸ್ಪಷ್ಟ ಮಾಡುತ್ತವೆ. ರಿಚರ್ಡ್ ಪ್ರಯರ್ ಅಮೆರಿಕದ ಸ್ಟ್ಯಾಂಡ್‌ಅಪ್‌ನ ಶಿಖರ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. 1977ರಲ್ಲಿ ಎನ್‌ಬಿಸಿ ಅವರ ಕಾರ್ಯಕ್ರಮವನ್ನು ಮಂಗಳವಾರ ರಾತ್ರಿ 8 ಗಂಟೆಗೆ ಇಟ್ಟಿತು. ಅದು ಮಕ್ಕಳು ಮರಿ ಕೂತು ನೋಡುವ ಹೊತ್ತು, ಮೇಲಾಗಿ ಎದುರಿಗಿದ್ದದ್ದು ಎಬಿಸಿಯ ಭಾರಿ ಜನಪ್ರಿಯ ಧಾರಾವಾಹಿ. ಬಣ್ಣ, ಬಡತನ, ಲೈಂಗಿಕತೆ ಕುರಿತು ಮುಚ್ಚುಮರೆಯಿಲ್ಲದೆ ಮಾತಾಡುವವರನ್ನು ಆ ಹೊತ್ತಿಗೆ ಕೂರಿಸಿದರೆ ಸೆನ್ಸಾರ್ ಜೊತೆ ಜಗಳವಾಗದೆ ಇನ್ನೇನು? ನಾಲ್ಕು ಸಂಚಿಕೆಗೆ ಮುಗಿಯಿತು.

1996ರಲ್ಲಿ ಎಬಿಸಿ ಹಾಸ್ಯ ಕಲಾವಿದ ಡೇನಾ ಕಾರ್ವಿ ಅವರಿಗೆ ಕೊಟ್ಟದ್ದೂ ಇದೇ ಬಗೆಯ ಉಡುಗೊರೆ. ಕೌಟುಂಬಿಕ ಧಾರಾವಾಹಿ ‘ಹೋಮ್ ಇಂಪ್ರೂವ್‌ಮೆಂಟ್’ ಮುಗಿದ ಕೂಡಲೇ ಅವರ ಸ್ಕೆಚ್, ಅಂದರೆ ಕಿರುಪ್ರಹಸನಗಳ ಕಾರ್ಯಕ್ರಮ. ಬರಹಗಾರರ ಕೋಣೆಯಲ್ಲಿ ಸ್ಟೀಫನ್ ಕೋಲ್ಬೇರ್, ಸ್ಟೀವ್ ಕರೆಲ್, ಚಾರ್ಲಿ ಕಾಫ್‌ಮನ್, ರಾಬರ್ಟ್ ಸ್ಮೈಗಲ್ ಇದ್ದರು. ಅದಕ್ಕಿಂತ ಒಳ್ಳೆಯ ತಂಡ ಕಟ್ಟುವುದು ಕಷ್ಟ. ಪ್ರತಿ ವಾರ ಪ್ರಾಯೋಜಕರ ಹೆಸರನ್ನು ಶೀರ್ಷಿಕೆಗೇ ಅಂಟಿಸುವ ಏರ್ಪಾಡಿತ್ತು, ಮೊದಲ ವಾರದ್ದು ಟಾಕೊ ಬೆಲ್. ಅಧ್ಯಕ್ಷ ಕ್ಲಿಂಟನ್ ಎದೆಹಾಲುಣಿಸುವ ಸ್ಕೆಚ್‌ನಿಂದಲೇ ಮೊದಲ ಸಂಚಿಕೆ ತೆರೆದುಕೊಂಡಿತು. ಮಕ್ಕಳೊಂದಿಗೆ ಕೂತಿದ್ದ ಪ್ರೇಕ್ಷಕರು ಬೆಚ್ಚಿ ಚಾನೆಲ್ ಬದಲಾಯಿಸಿದರು, ಟಾಕೊ ಬೆಲ್ ಹಿಂದೆ ಸರಿಯಿತು. ತಯಾರಾದ 8 ಸಂಚಿಕೆಗಳಲ್ಲಿ ಪ್ರಸಾರವಾದದ್ದು 7. ಮುಂದಿನ ಕಾರ್ಯಕ್ರಮಕ್ಕೆ ಜನರನ್ನು ದಾಟಿಸುವ ಜನಪ್ರಿಯ ಕಾರ್ಯಕ್ರಮಕ್ಕೆ ಉದ್ಯಮದಲ್ಲಿ ಲೀಡ್-ಇನ್ ಎನ್ನುತ್ತಾರೆ. ದೊಡ್ಡ ಲೀಡ್-ಇನ್ ಇದ್ದರೆ ಸಾಕೆಂದು ಈಗಲೂ ನಂಬುವವರಿದ್ದಾರೆ. ದಾಟಿ ಬಂದವರ ರುಚಿ ಬೇರೆಯಾಗಿದ್ದರೆ ಲೀಡ್-ಇನ್ ದೊಡ್ಡದಾದಷ್ಟೂ ಬಿಟ್ಟು ಹೋಗುವವರ ಸಂಖ್ಯೆಯೂ ದೊಡ್ಡದು, ಮರುದಿನದ ಪಟ್ಟಿಯಲ್ಲಿ ಅದು ಎದ್ದು ಕಾಣುತ್ತದೆ.

ಸ್ಟ್ಯಾಂಡ್‌ಅಪ್ ಕಲಾವಿದ ಜಾರ್ಜ್ ಲೋಪೆಝ್ ಅವರ ತಡರಾತ್ರಿ ಕಾರ್ಯಕ್ರಮ ಟಿಬಿಎಸ್ ವಾಹಿನಿಯಲ್ಲಿ 2009ರ ನವೆಂಬರ್‌ನಲ್ಲಿ ಶುರುವಾಗಿ, ಒಂದು ವರ್ಷಕ್ಕೆ ಕೋನನ್ ಓಬ್ರಿಯನ್ ಅವರಿಗೆ ಜಾಗ ಬಿಟ್ಟು ಮಧ್ಯರಾತ್ರಿಗೆ ಸರಿಯಿತು, 2011ರ ಆಗಸ್ಟ್‌ಗೆ ನಿಂತಿತು. ಮಿಶೆಲ್ ವೂಲ್ಫ್ ನೆಟ್‌ಫ್ಲಿಕ್ಸ್‌ಗಾಗಿ 2018ರಲ್ಲಿ ಮಾಡಿದ ಸಾಪ್ತಾಹಿಕ ಕಾರ್ಯಕ್ರಮ ಹತ್ತೇ ಸಂಚಿಕೆ ಬಂತು. ಅಲ್ಲಿನ ತೊಡಕು ಬೇರೆ: ವೀಕ್ಷಕರು ತಮಗೆ ಬೇಕಾದಾಗ ನೋಡುವ ಜಾಗದಲ್ಲಿ ಈ ವಾರದ ಸುದ್ದಿಯ ಜೋಕ್ ಮುಂದಿನ ತಿಂಗಳಿಗೆ ಹಳಸಿರುತ್ತದೆ. ಹಳೆಯ ಸಂಚಿಕೆಗಳು ರಾಶಿಯಾಗಿ ಬೆಳೆದರೂ ಅವುಗಳಿಂದ ಸಂಸ್ಥೆಗೆ ಆಸ್ತಿ ಬೆಳೆಯುವುದಿಲ್ಲ.

ತಾಳ್ಮೆಯಿಂದ ಕಾದದ್ದಕ್ಕೂ ಉದಾಹರಣೆಯಿದೆ. ಕೋನನ್ ಓಬ್ರಿಯನ್ 1993ರಲ್ಲಿ ಎನ್‌ಬಿಸಿಯ 12:35ಕ್ಕೆ ಬಂದಾಗ ಕ್ಯಾಮೆರಾ ಎದುರಿಸಿ ಅಭ್ಯಾಸವಿಲ್ಲದ ಬರಹಗಾರ. ವಿಮರ್ಶೆಗಳು ಕಟುವಾಗಿದ್ದವು. ವಾಹಿನಿ 13 ವಾರದ ಕಂತುಗಳಲ್ಲಿ ಜೀವ ಕೊಡುತ್ತಾ ಹೋಯಿತು. 13 ವಾರ ಎಂದರೆ ವರ್ಷದ ಕಾಲು ಭಾಗ, ಅಲ್ಲಿನ ಟಿ.ವಿ. ಒಪ್ಪಂದಗಳ ಹಳೆಯ ಅಳತೆ, ಇಂಥ ಕಾರ್ಯಕ್ರಮಗಳ ಬರಹಗಾರರನ್ನು ಈಗಲೂ ನೇಮಿಸಿಕೊಳ್ಳುವುದು ಇದೇ ಕಂತಿನಲ್ಲಿ. ಆ ಕಾರ್ಯಕ್ರಮದಲ್ಲಿ ಅವರು 2009ರವರೆಗೆ ಉಳಿದರು. ಅಂದು ವಾಹಿನಿಗೆ ಆ ತಾಳ್ಮೆ ಸಾಧ್ಯವಾದದ್ದು ಆ ಹೊತ್ತು ಹೇಗಿದ್ದರೂ ದುಡ್ಡು ತರುತ್ತಿತ್ತು ಎಂಬ ಕಾರಣಕ್ಕೆ.

ಈಗ ತರುವುದಿಲ್ಲ. ಜಾಹೀರಾತು ಲೆಕ್ಕವಿಡುವ ಗೈಡ್‌ಲೈನ್ ಸಂಸ್ಥೆಯ ಅಂಕಿಗಳ ಪ್ರಕಾರ ಅಮೆರಿಕದ ನೆಟ್‌ವರ್ಕ್‌ಗಳ ತಡರಾತ್ರಿ ಕಾರ್ಯಕ್ರಮಗಳ ಜಾಹೀರಾತು ಆದಾಯ 2018ರಲ್ಲಿ 43.9 ಕೋಟಿ ಡಾಲರ್ ಇದ್ದದ್ದು 2024ಕ್ಕೆ 22 ಕೋಟಿ ಡಾಲರ್ ಆಯಿತು. ಆರು ವರ್ಷದಲ್ಲಿ ಅರ್ಧ. ಖರ್ಚು ಹಾಗೆ ಅರ್ಧವಾಗುವುದಿಲ್ಲ. ಸ್ಟುಡಿಯೊ ಬಾಡಿಗೆ, ಕ್ಯಾಮೆರಾ ಸಿಬ್ಬಂದಿ, ಒಕ್ಕೂಟದ ಕನಿಷ್ಠ ವೇತನ ಎಲ್ಲ ಇದ್ದಲ್ಲೇ ಇರುತ್ತವೆ ಅಥವಾ ಏರುತ್ತವೆ. ಹಾಗಾಗಿ ಕತ್ತರಿ ಎಲ್ಲೆಲ್ಲಿ ಬಿತ್ತು ನೋಡಿ: 2024ರಲ್ಲಿ ಸೆತ್ ಮೈಯರ್ಸ್ ಕಾರ್ಯಕ್ರಮ ತನ್ನ ವಾದ್ಯವೃಂದ ಕಳೆದುಕೊಂಡಿತು, ಜಿಮ್ಮಿ ಫ್ಯಾಲನ್ ಕಾರ್ಯಕ್ರಮ ವಾರಕ್ಕೆ ಐದರ ಬದಲು ನಾಲ್ಕು ಹೊಸ ಸಂಚಿಕೆಗೆ ಇಳಿಯಿತು. 2025ರ ಜುಲೈ 17ರಂದು ಕೋಲ್ಬೇರ್ ಅವರ ‘ಲೇಟ್ ಶೋ’ವನ್ನೇ 2026ರ ಮೇ ತಿಂಗಳಿಗೆ ಮುಗಿಸುವುದಾಗಿ ಸಿಬಿಎಸ್ ಘೋಷಿಸಿತು. ಅದು ವರ್ಷಕ್ಕೆ ಸುಮಾರು 4 ಕೋಟಿ ಡಾಲರ್ ನಷ್ಟದಲ್ಲಿತ್ತು ಎಂದು ವರದಿಗಳು ಬಂದವು.

ಕೋಲ್ಬೇರ್ ವಿಷಯದಲ್ಲಿ ರಾಜಕೀಯದ ಪ್ರಶ್ನೆ ಎದ್ದದ್ದು ಸಹಜ. ಸಿಬಿಎಸ್‌ನ ಒಡೆತನ ಹೊಂದಿದ್ದ ಪ್ಯಾರಾಮೌಂಟ್ ಸಂಸ್ಥೆ ಟ್ರಂಪ್ ಹೂಡಿದ್ದ ದಾವೆಯನ್ನು 1.6 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡದ್ದು ಅದೇ ಜುಲೈನ ಆರಂಭದಲ್ಲಿ, ಸ್ಕೈಡಾನ್ಸ್ ಜೊತೆಗಿನ ವಿಲೀನಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು ಘೋಷಣೆಯ ಮರುವಾರ. ಕೋಲ್ಬೇರ್ ಆ ಇತ್ಯರ್ಥವನ್ನು ತಮ್ಮ ಕಾರ್ಯಕ್ರಮದಲ್ಲೇ ಕಟುವಾಗಿ ಟೀಕಿಸಿದ್ದರು. ವಾಹಿನಿ ಮಾತ್ರ ಇದು ಕೇವಲ ಹಣದ ನಿರ್ಧಾರ ಎಂದಿತು. ಸರ್ಕಾರವನ್ನು ಮೆಚ್ಚಿಸಲು ನಿಲ್ಲಿಸಿದರೆಂಬ ಅನುಮಾನದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಆದರೆ ‘ಆಫ್ಟರ್ ಮಿಡ್‌ನೈಟ್’ ಅನ್ನೂ ಅದೇ ಗಂಟಿಗೆ ಕಟ್ಟುವುದು ತಪ್ಪು. ಅದರ ತೀರ್ಮಾನ ನಾಲ್ಕು ತಿಂಗಳು ಮೊದಲೇ ಆಗಿತ್ತು, ಆದದ್ದೂ ನಿರೂಪಕಿಯ ಕಡೆಯಿಂದ. ಎರಡನ್ನೂ ಬೆರೆಸಿದರೆ ಈ ಕಾರ್ಯಕ್ರಮ ಕಲಿಸುವ ಪಾಠವೇ ಕಳೆದುಹೋಗುತ್ತದೆ.

ನಿರೂಪಕಿಯ ಕಡೆಯ ಲೆಕ್ಕ ಹೀಗಿದೆ. ಜಾನಿ ಕಾರ್ಸನ್ 1962ರಿಂದ 1992ರವರೆಗೆ ಎನ್‌ಬಿಸಿಯ ‘ಟುನೈಟ್ ಶೋ’ ನಡೆಸಿದ ಕಾಲದಲ್ಲಿ ಹೊಸ ಕಲಾವಿದರಿಗೆ ಸಿಗುತ್ತಿದ್ದ ಐದಾರು ನಿಮಿಷ ಬದುಕನ್ನೇ ಬದಲಿಸುತ್ತಿತ್ತು. ಮಾತು ಮುಗಿದ ಮೇಲೆ ಕಾರ್ಸನ್ ಸೋಫಾಕ್ಕೆ ಕರೆದರೆಂದರೆ ಮರುದಿನದಿಂದ ಕ್ಲಬ್ಬುಗಳು ಬಾಗಿಲು ತೆರೆಯುತ್ತಿದ್ದವು. ದೇಶದ ಮುಂದೆ ನಿಲ್ಲಲು ಬೇರೆ ದಾರಿ ಇರಲಿಲ್ಲ. ಇಂದು ನೆಟ್‌ಫ್ಲಿಕ್ಸ್ ಸ್ಪೆಷಲ್ ಇದೆ, ನಿಮಿಷದ ರೀಲ್ ಇದೆ, ಪಾಡ್‌ಕ್ಯಾಸ್ಟ್ ಇದೆ. ಅವೆಲ್ಲ ಸೇರಿ ಮಾಡುವ ಕೆಲಸ ಒಂದೇ: ಟಿಕೆಟ್ ಮಾರುವುದು. ಲೆಕ್ಕಕ್ಕೆಂದು 2,500 ಆಸನದ ಸಭಾಂಗಣ, 50 ಡಾಲರ್ ಟಿಕೆಟ್ ಎಂದಿಟ್ಟುಕೊಳ್ಳಿ. ತುಂಬಿದರೆ ಒಂದು ರಾತ್ರಿಗೆ 1,25,000 ಡಾಲರ್. ಸಭಾಂಗಣದ ಬಾಡಿಗೆ, ಆಯೋಜಕರ ಪಾಲು, ಪ್ರಚಾರ ಕಳೆದು ಉಳಿದದ್ದರಲ್ಲಿ ಹೆಸರಿರುವ ಕಲಾವಿದರಿಗೆ ಸಿಗುವುದೇ ಹೆಚ್ಚಿನ ಪಾಲು. ಸಂಗೀತಗಾರರ ಹಾಗೆ ಲಾರಿಗಟ್ಟಲೆ ಸಲಕರಣೆ, ಹತ್ತಾರು ಜನರ ತಂಡ ಸಾಗಿಸಬೇಕಿಲ್ಲ. ಒಂದು ಮೈಕು, ಒಂದು ಸ್ಟೂಲು, ಮೊದಲು ಮಾತಾಡಲು ಒಬ್ಬ ಕಿರಿಯ ಕಲಾವಿದರು. ಅದಕ್ಕಿಂತ ದೊಡ್ಡದು, ಅಲ್ಲಿ ಹೇಳುವ ಪ್ರತಿ ಸಾಲು ಅವರದೇ ಸೊತ್ತು. ಟಿ.ವಿ.ಯಲ್ಲಿ ಬರೆದದ್ದು ವಾಹಿನಿಯ ಸೊತ್ತು, ಅದೂ ಮರುದಿನಕ್ಕೆ ಹಳೆಯದು.

ಟಾಮ್ಲಿನ್ಸನ್ ಒಂದೂವರೆ ವರ್ಷ ಎರಡನ್ನೂ ಒಟ್ಟಿಗೆ ಮಾಡಿದರು. ವಾರದ ದಿನಗಳಲ್ಲಿ ಲಾಸ್ ಏಂಜಲೀಸ್ ಸ್ಟುಡಿಯೊ, ವಾರಾಂತ್ಯಕ್ಕೆ ವಿಮಾನ ಹತ್ತಿ ಬೇರೆ ಬೇರೆ ಊರು. 2025ರಲ್ಲಿ ಅವರ ಹೊಸ ಪ್ರವಾಸವೂ ಶುರುವಾಗಿತ್ತು. ಹೊಸ ಒಂದು ಗಂಟೆ ಕಟ್ಟಬೇಕಾದರೆ ವಾರದ ನಡುವಿನ ಸಣ್ಣ ಕ್ಲಬ್ಬಿನ ರಾತ್ರಿಗಳು ಬೇಕು. ಬಿದ್ದರೂ ಪರವಾಗಿಲ್ಲ ಎನ್ನುವ, ಐವತ್ತು ಜನ ಕೂತಿರುವ ರಾತ್ರಿಗಳು. ಟಿ.ವಿ. ತಿಂದದ್ದು ಆ ರಾತ್ರಿಗಳನ್ನೇ. ದೊಡ್ಡ ಸಭಾಂಗಣದಲ್ಲಿ ಟಿಕೆಟ್ ಕೊಟ್ಟು ಬಂದವರ ಮುಂದೆ ಹಸಿ ಸರಕು ಹೇಳುವಂತಿಲ್ಲ. ಹೀಗೆ ನೋಡಿದರೆ ಅವರು ಬಿಟ್ಟದ್ದರಲ್ಲಿ ಅಚ್ಚರಿಯಿಲ್ಲ. ಇಷ್ಟು ದಿನ ಹೊತ್ತುಕೊಂಡದ್ದೇ ದೊಡ್ಡದು.

ಇನ್ನು ಬಾಡಿಗೆಯ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ 12:37ಕ್ಕೆ ಬೈರನ್ ಅಲೆನ್ ಅವರ ‘ಕಾಮಿಕ್ಸ್ ಅನ್‌ಲೀಶ್ಡ್’ ಬರತೊಡಗಿತು, ಅರ್ಧ ಗಂಟೆಯ ಎರಡು ಸಂಚಿಕೆ ಒಂದರ ಹಿಂದೊಂದು. ಅಲೆನ್ ಕೂಡ ಸ್ಟ್ಯಾಂಡ್‌ಅಪ್‌ನಿಂದ ಬಂದವರೇ. 1979ರಲ್ಲಿ 18ನೆಯ ವಯಸ್ಸಿಗೆ ಕಾರ್ಸನ್ ವೇದಿಕೆ ಹತ್ತಿದವರು, ಈಗ ಮಾಧ್ಯಮ ಸಂಸ್ಥೆಯ ಒಡೆಯರು. ಈ ಏರ್ಪಾಡಿಗೆ ಟೈಮ್ ಬೈ ಎನ್ನುತ್ತಾರೆ. ಅಲೆನ್ ಸಂಸ್ಥೆ ಆ ಹೊತ್ತಿಗೆ ವಾಹಿನಿಗೆ ಹಣ ಕೊಟ್ಟು, ಕಾರ್ಯಕ್ರಮವನ್ನು ತಾನೇ ತಂದು, ಜಾಹೀರಾತನ್ನೂ ತಾನೇ ಮಾರಿಕೊಳ್ಳುತ್ತದೆ. ಸಿಬಿಎಸ್ ಪಾಲಿಗೆ ನಷ್ಟದ ಭಯ ಹೋಯಿತು, ಖಚಿತವಾದ ಬಾಡಿಗೆ ಬಂತು. ಮನೆಯ ಮುಂದಿನ ಕೋಣೆಯಲ್ಲಿ ಸ್ವಂತ ಅಂಗಡಿ ನಡೆಸಿ ಕೈಸುಟ್ಟುಕೊಂಡವರು ಮಳಿಗೆಯನ್ನು ಬಾಡಿಗೆಗೆ ಕೊಟ್ಟ ಹಾಗೆ. ಕಾರ್ಡೆನ್ ಹೋದ ಮೇಲೆ ‘ಆಫ್ಟರ್ ಮಿಡ್‌ನೈಟ್’ ಬರುವ ತನಕ, 2023ರ ಸೆಪ್ಟೆಂಬರ್‌ನಿಂದ ಆ ಜಾಗ ತುಂಬಿದ್ದೂ ಇದೇ ‘ಕಾಮಿಕ್ಸ್ ಅನ್‌ಲೀಶ್ಡ್’. ಹಾಗಾಗಿ ಬಾಡಿಗೆಯ ರುಚಿ ವಾಹಿನಿಗೆ ಮೊದಲೇ ಹತ್ತಿತ್ತು. ನಿರೂಪಕಿ ಎದ್ದು ಹೋದಾಗ ಬದಲಿ ಹುಡುಕದಿರಲು ಇದೂ ಕಾರಣ.

ಮೇಲ್ನೋಟಕ್ಕೆ ಎರಡೂ ಒಂದೇ ಎನಿಸಬಹುದು. ಅಲ್ಲೂ ಹಾಸ್ಯ ಕಲಾವಿದರೇ, ಇಲ್ಲೂ ಅವರೇ. ಒಳಗಿನ ಎಂಜಿನ್ ಬೇರೆ. 2006ರಲ್ಲೇ ಶುರುವಾದ ‘ಕಾಮಿಕ್ಸ್ ಅನ್‌ಲೀಶ್ಡ್’ ಉದ್ದೇಶಪೂರ್ವಕವಾಗಿ ಕಾಲಾತೀತ. ಸುದ್ದಿ, ರಾಜಕೀಯ, ಇವತ್ತಿನ ಘಟನೆ ಏನೂ ಬೇಡ. ಮದುವೆ, ಮಕ್ಕಳು, ನಾಯಿ, ವಿಮಾನ ಪ್ರಯಾಣ ಆದೀತು. ಕೂತ ನಾಲ್ವರು ಕಲಾವಿದರತ್ತ ನಿರೂಪಕರು ಒಂದೊಂದು ಎಳೆ ಎಸೆಯುತ್ತಾರೆ, ಅವರು ಆ ವಿಷಯದ ಮೇಲೆ ಕ್ಲಬ್ಬಿನಲ್ಲಿ ಈಗಾಗಲೇ ಹದವಾದ ತುಣುಕು ಹೇಳುತ್ತಾರೆ. ಇವತ್ತು ಚಿತ್ರೀಕರಿಸಿದ್ದನ್ನು ಐದು ವರ್ಷ ಬಿಟ್ಟು ಮತ್ತೆ ಹಾಕಿದರೂ ಗೊತ್ತಾಗುವುದಿಲ್ಲ, ಆದ್ದರಿಂದ ಪ್ರತಿ ಸಂಚಿಕೆಯೂ ಆಸ್ತಿ. ಬೆಳಿಗ್ಗೆ ವಿಷಯ ಹುಡುಕುವ ಕೋಣೆ ಬೇಡ, ಸಂಜೆಯೊಳಗಿನ ಓಟ ಬೇಡ, ವಕೀಲರ ಮೇಜೂ ಬಹುಪಾಲು ಖಾಲಿ. ವ್ಯಾಪಾರವಾಗಿ ಇದು ಜಾಣತನ, ಅದನ್ನು ಒಪ್ಪಬೇಕು. ಕಲಾವಿದರಿಗೆ ಟಿ.ವಿ.ಯ ಮುಖವಂತೂ ಸಿಗುತ್ತದೆ.

ಹೋದದ್ದು ಏನೆಂದರೆ, ಮೂವರು ಅಕ್ಕಪಕ್ಕ ನಿಂತು ಒಬ್ಬರ ಮಾತು ಕೇಳಿಸಿಕೊಂಡು ಅದರ ಮೇಲೆ ಇನ್ನೊಬ್ಬರು ಕಟ್ಟುತ್ತಿದ್ದ ಆಟ. ರಾತ್ರಿಗೆ ಮೂವರಂತೆ ಹದಿನೇಳು ತಿಂಗಳಲ್ಲಿ ಎಷ್ಟೋ ಕಲಾವಿದರು ಆ ಸಾಲಿನಲ್ಲಿ ನಿಂತರು. ಅವರಲ್ಲಿ ಹಲವರಿಗೆ ರಾಷ್ಟ್ರೀಯ ನೆಟ್‌ವರ್ಕ್‌ನಲ್ಲಿ ಅದೇ ಮೊದಲ ಹೆಜ್ಜೆ. ತೆರೆಯ ಹಿಂದೆ, ಮುಂಜಾನೆ ಹತ್ತು ವಿಷಯ ತಂದು ಒಂಬತ್ತನ್ನು ಕಳೆದುಕೊಂಡು, ಉಳಿದ ಒಂದಕ್ಕೆ ಮಧ್ಯಾಹ್ನದೊಳಗೆ ಮೂವತ್ತು ಸಾಲು ಬರೆಯುವುದನ್ನು ಸಂಬಳ ಕೊಟ್ಟು ಕಲಿಸುವ ಜಾಗ ಅದು. ಕಾರ್ವಿ ಕಾರ್ಯಕ್ರಮ ಏಳು ಸಂಚಿಕೆಗೇ ಸತ್ತರೂ ಅದರ ಕೋಣೆಯಲ್ಲಿ ಕೂತಿದ್ದವರು ಮುಂದಿನ ಇಪ್ಪತ್ತು ವರ್ಷ ಅಮೆರಿಕದ ಹಾಸ್ಯವನ್ನು ಕಟ್ಟಿದರು. ಬಾಡಿಗೆಗೆ ಹೋದ ಹೊತ್ತಿನಲ್ಲಿ ಅಂಥ ಕೋಣೆ ಇರುವುದಿಲ್ಲ. ಅಲ್ಲಿಗೆ ಬರುವ ಕಲಾವಿದರು ತಮ್ಮ ಸಾಲುಗಳನ್ನು ಬೇರೆಲ್ಲೋ, ಸ್ವಂತ ಖರ್ಚಿನಲ್ಲಿ, ಐವತ್ತು ಜನರ ಮುಂದೆ ಹದ ಮಾಡಿಕೊಂಡೇ ತರಬೇಕು.